ರಾತ್ರಿಪಾಳಿ ಮತ್ತು ದಾದಿಯ ವಿದ್ಯೆ

ಮುಂಬಯಿ ಕನ್ನಡಿಗರಿಗೆ ರಾತ್ರಿಯ ವಿದ್ಯೆ ಹೊಸತಲ್ಲ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಬಾಲಕರು ಹಗಲೆಲ್ಲ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ದಾಟಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಇಂತಹ ಶಾಲೆಗಳನ್ನು ನಡೆಸಿದ ಕೀರ್ತಿಗೆ ಭಾಜನವಾಗಿವೆ. ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನವನ್ನು ಕಂಡಾಗ ಆ ಪರಂಪರೆಯ ನೆನಪಾಗುವುದು ಸಹಜ.

ದಾದಿಯ ವಿದ್ಯೆಯನ್ನು ಬಯಸುವವರ ಪಾಲಿಗೆ ಈ ಕ್ರಮ ತಿರುವುಮುರುವಾಗಿದೆ. ದುಡಿಮೆ ರಾತ್ರಿಗೆ, ವಿದ್ಯೆ ಹಗಲಿಗೆ. ಉಪನಗರದ ನರ್ಸಿಂಗ್ ಹೋಮುಗಳಲ್ಲಿ ಆಯಾ ಅಥವಾ ವಾರ್ಡ್‌ಬಾಯ್ ಆಗಿ, ಇಲ್ಲವೇ ಬ್ಯೂರೋಗಳ ಮೂಲಕ ಹಾಸಿಗೆ ಹಿಡಿದ ವೃದ್ಧರ ಆರೈಕೆಗೆಂದು ದುಡಿಯುವ ತರುಣ ತರುಣಿಯರಿಗೆ, ತಾವೂ ನೋಂದಾಯಿತ ದಾದಿಯರಾಗಬೇಕೆಂಬ ಹಂಬಲ ಮೂಡುವುದು ಸ್ತುತ್ಯವೇ ಸರಿ.

ಆದರೆ ಲೆಕ್ಕ ಕಠಿಣವಾದುದು. ರಾತ್ರಿ 8ರಿಂದ ಬೆಳಗಿನ 8ರವರೆಗೆ ಪಾಳಿ. 9ರಿಂದ ಸಂಜೆ 4ರವರೆಗೆ ತರಗತಿ ಮತ್ತು ವಾರ್ಡಿನ ಅಭ್ಯಾಸ. ಲೋಕಲ್ ಗಾಡಿಯ ನೂಕುನುಗ್ಗಲು, ಸ್ನಾನ, ಊಟ ಕಳೆದರೆ ನಿದ್ರೆಗೆ ಉಳಿಯುವುದು ಒಂದೆರಡು ಗಂಟೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಯ ನಿದ್ರೆ ಅವಶ್ಯಕ. 17ರಿಂದ 19 ಗಂಟೆ ಎಚ್ಚರವಿದ್ದವರ ಚುರುಕುತನ ಮದ್ಯ ಸೇವಿಸಿದವರಂತೆ ಕುಂದುವುದೆಂದು 2000ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ರಾತ್ರಿಶಾಲೆಯಲ್ಲಿ ತೂಕಡಿಸಿದವನಿಗೆ ಒಂದು ಪಾಠ ನಷ್ಟವಾಗುತ್ತಿತ್ತು. ಇಲ್ಲಿ ತೂಕಡಿಸಿದ ಕೈಯಿಂದ ರೋಗಿಯ ಪ್ರಾಣಕ್ಕೇ ಕುತ್ತು ಬರಬಹುದು.

ಹಾಜರಿಯಲ್ಲಿಯೂ ರಿಯಾಯಿತಿ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಜಿ.ಎನ್.ಎಂ. 3 ವರ್ಷಗಳ ಪೂರ್ಣಾವಧಿ ಶಿಕ್ಷಣ. ಪರೀಕ್ಷೆಗೆ ಶೇಕಡಾ 80ರ ಹಾಜರಿ ಬೇಕು. ಪ್ರಮಾಣಪತ್ರ ಕೈಸೇರುವ ಮುನ್ನ ಪ್ರಾಯೋಗಿಕ ಅಭ್ಯಾಸ ಪೂರ್ತಿಯಾಗಿರಬೇಕು. ಆರು ತಿಂಗಳಲ್ಲಿ ದಾದಿಯಾಗಿಸುವೆವೆಂಬ ಜಾಹೀರಾತುಗಳಿಗೆ ಮರುಳಾಗುವುದು ಸಲ್ಲದು. ಅಂತಹ ಪತ್ರಗಳಿಂದ ದಾದಿಯಾಗಿ ನೋಂದಣಿ ದೊರೆಯದು.

ಹಾಗಾದರೆ ದಾರಿ ಯಾವುದು? ಜಿ.ಎನ್.ಎಂ. ಪ್ರವೇಶಕ್ಕೆ 35 ವರ್ಷದವರೆಗೆ ಅವಕಾಶವಿರುವುದರಿಂದ ಒಂದೆರಡು ವರ್ಷ ದುಡಿದು, ಹಣ ಕೂಡಿಟ್ಟು, ಬಳಿಕ ಓದಿಗೆ ತೊಡಗುವುದು ಮೊದಲನೆಯದು. 2 ವರ್ಷಗಳ ಎ.ಎನ್.ಎಂ. ಮುಗಿಸಿ, ನೋಂದಣಿ ಪಡೆದು, ಸಂಪಾದಿಸುತ್ತ ಮುಂದಿನ ಮೆಟ್ಟಿಲಿಗೆ ಸಿದ್ಧರಾಗುವುದು ಎರಡನೆಯದು. ಪಾಳಿ ಬಿಡಲಾಗದವರು ಅದನ್ನು ವಾರಕ್ಕೆ ಒಂದು ರಾತ್ರಿಗೆ, ಮರುದಿನ ರಜೆಯಿರುವಂತೆ, ಮಿತಗೊಳಿಸುವುದು ಲೇಸು.

ಪಾಳಿ ಮುಗಿಸಿ ಬಂದವರು ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟು, ಕತ್ತಲಲ್ಲಿ ಮಲಗಬೇಕು. ನಸುಕಿನ 3ರ ಬಳಿಕ ಚಹಾ ಬೇಡ. ನಿದ್ದೆಗಣ್ಣಿನಲ್ಲಿ ಸ್ಕೂಟರ್ ಹತ್ತುವುದಂತೂ ಸರ್ವಥಾ ಬೇಡ. ಒಂದೇ ಕೋಣೆಯ ಚಾಳಿನಲ್ಲಿ ಹಗಲುನಿದ್ರೆ ದೊರೆಯಬೇಕಾದರೆ ಮನೆಯವರ ಸಹಕಾರವೇ ಔಷಧ: ರೇಡಿಯೋ, ಟಿ.ವಿ.ಗಳ ಸದ್ದು ತಗ್ಗಲಿ. ದುಡಿದು ಬಂದ ಮಗಳ ಮೇಲೆ ಅಡುಗೆಯ ಹೊರೆ ಬೀಳದಿರಲಿ.

ಹಿಂದಿನ ತಲೆಮಾರಿನ ಸಂಘಗಳು ದುಡಿಯುವವರಿಗಾಗಿ ರಾತ್ರಿಯಲ್ಲಿ ಶಾಲೆ ತೆರೆದವು. ಈಗ ಓದುವವರಿಗೆ ರಾತ್ರಿಯ ನಿದ್ರೆಯನ್ನು ದೊರಕಿಸಿಕೊಡುವ ವಿದ್ಯಾರ್ಥಿವೇತನ ಅದೇ ಸೇವೆಯ ಮುಂದುವರಿಕೆಯಾದೀತು. ಪರರ ಆರೋಗ್ಯ ಕಾಯುವ ವಿದ್ಯೆ ಕಲಿಯುವವರು ತಮ್ಮ ಆರೋಗ್ಯವನ್ನೇ ಶುಲ್ಕವಾಗಿ ತೆರುವಂತಾಗಬಾರದು.