ಮುಂಜಾವಿನ ಓಟವೂ ವೀರಸ್ಮರಣೆಯೂ

ಬಿಜೈಯಿಂದ ಕದ್ರಿ ಗುಡ್ಡದ ಯುದ್ಧಸ್ಮಾರಕವು ದೂರವಲ್ಲ. ಅರುಣೋದಯಕ್ಕೆ ಮುನ್ನ ಹತ್ತಾರು ಮಂದಿ ಜೊತೆಗೂಡಿ ಅಲ್ಲಿಗೆ ಓಡಿ, ಮಡಿದ ಯೋಧರಿಗೆ ತಲೆಬಾಗಿ ಬಂದರೆ ದೇಹದಲ್ಲಿ ಏನು ನಡೆಯುತ್ತದೆಂಬುದನ್ನು ನೋಡೋಣ.

50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು 30 ಮೀಟರ್ ಮೇಲೇರಿದನೆನ್ನಿ. ಗುರುತ್ವಕ್ಕೆ ಎದುರಾಗಿ ಅವನು ಮಾಡಿದ ಕೆಲಸ 50 × 9.8 × 30, ಎಂದರೆ 14,700 ಜೂಲ್. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರವೇ ಕೆಲಸವಾಗುತ್ತದೆ, ಉಳಿದುದೆಲ್ಲ ಉಷ್ಣ. ಬೆವರು ಆವಿಯಾಗಿ ಆ ಉಷ್ಣವನ್ನು ಹೊರಗೊಯ್ಯುತ್ತದೆ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗನೆ ಆರದು. ಆದುದರಿಂದಲೇ ಬಿಸಿಲೇರುವ ಮುನ್ನಿನ ತಂಪು ಹೊತ್ತು ಓಟಕ್ಕೆ ಲೇಸು.

ಏದುಸಿರು ಬಂದಾಗ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯೋಣ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಅವರು ಹಿಮಕುಸಿತಕ್ಕೆ ಸಿಲುಕಿದರು. ಅಲ್ಲಿ ವಾಯುವಿನ ಒತ್ತಡವು ಬಿಜೈಯದರ ಅರ್ಧಕ್ಕೂ ಕಡಿಮೆ. ಉಸಿರಿಗೆ ದೊರೆಯುವ ಆಮ್ಲಜನಕವೂ ಅಷ್ಟೆ. ಆದರೂ ಜೊತೆಗಾರರು ಅಗೆಯುವುದನ್ನು ಬಿಡಲಿಲ್ಲ. ಆರನೆಯ ದಿನ ಅವರನ್ನು ಜೀವಂತವಾಗಿ ಹೊರತೆಗೆದರು. ಫೆಬ್ರವರಿ 11ರಂದು ಅವರು ದಿಲ್ಲಿಯಲ್ಲಿ ಅಸುನೀಗಿದರು.

ಕದ್ರಿಯ ಏರಿನಲ್ಲಿ ಒಬ್ಬನು ಹಿಂದುಳಿದರೆ ಗುಂಪೆಲ್ಲ ನಿಂತು ಕಾಯಲಿ. ವೀರಸ್ಮರಣೆಯು ಅಲ್ಲಿಂದಲೇ ಮೊದಲಾಗುತ್ತದೆ.