ಪ್ರಪಾತದ ಹೆಸರು, ಸಮತಟ್ಟು ದಾರಿ

ಮೊಣಕಾಲು ನೋವಿನವಳು ನಾನು. ವೇಲ್ಸ್‌ನ ಡಾಲ್ಗೆಥ್ಲಾಯ್ ಊರಿನ ಹತ್ತಿರ 'ಪ್ರೆಸಿಪಿಸ್ ವಾಕ್' ಎಂಬ ದಾರಿ ಇದೆಯೆಂದಾಗ ಹೆಸರಿಗೇ ಹೆದರಿದ್ದೆ. ಪ್ರಪಾತದಂಚಿನ ನಡಿಗೆ! ಆದರೆ ದಾರಿಯ ಬಹುಭಾಗ ಸಮತಟ್ಟು. ಗುಡ್ಡವೊಂದನ್ನು ಸುತ್ತಿ ಬರಲು ಐದಾರು ಕಿಲೋಮೀಟರ್, ನನ್ನ ನಡಿಗೆಯಲ್ಲಿ ಎರಡೂವರೆ ಗಂಟೆ.

ಮೊದಲು ಮರಗಳ ನೆರಳು. ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಯ ಮೇಲೆ ಪಾಚಿ ದಪ್ಪಗೆ ಕೂತಿತ್ತು. ಅಂಗೈ ಒತ್ತಿದರೆ ತಣ್ಣಗೆ ನೀರು ಒಸರಿತು. ಈ ನಾಡಿನ ಗೇಟುಗಳು ನನಗೆ ಬಲು ಇಷ್ಟ. ಅರ್ಧಚಂದ್ರಾಕಾರದ ಬೇಲಿಯೊಳಗೆ ಪುಟ್ಟ ಬಾಗಿಲು ಅತ್ತಿತ್ತ ತೂಗುತ್ತದೆ. ಒಬ್ಬರು ನುಸುಳಬಹುದು, ಕುರಿ ದಾಟಲಾರದು. ನಮ್ಮ ಮಲೆನಾಡಿನ ಉಣುಗೋಲಿನ ನೆಂಟ ಅನ್ನಿಸಿತು. ಬೇರೆ ಬಗೆಯ ಗೇಟನ್ನು ಕೈಯಿಂದ ತೆರೆದರೆ ಮುಚ್ಚಿಯೇ ಮುಂದೆ ಹೋಗಬೇಕು. ಅಲ್ಲಿ ಅನೇಕ ರೈತರಿಗೆ ಕುರಿಯೇ ಬದುಕು.

ತಿರುವು ದಾಟಿದೊಡನೆ ಬಲಕ್ಕೆ ನೆಲವೇ ಇಲ್ಲ! ಕೆಳಗೆ ಮೌಥಾಕ್ ನದಿಯ ಕಣಿವೆ, ದೂರದಲ್ಲಿ ಅದು ಕಡಲಿನತ್ತ ಅಗಲವಾಗುವ ಅಳಿವೆ, ಎದುರಿಗೆ 893 ಮೀಟರ್ ಎತ್ತರದ ಕಾಡರ್ ಇದ್ರಿಸ್. ಕಾಲುದಾರಿ ಕಿರಿದು, ಕಲ್ಲು ಎದ್ದದ್ದು. ಚಿಕ್ಕ ಮಕ್ಕಳಿದ್ದರೆ ಇಲ್ಲಿ ಕೈ ಹಿಡಿಯಲೇಬೇಕು. ಮಳೆ ಬಂದ ದಿನ ಹಿಡಿತವಿರುವ ಬೂಟು ಬೇಕು.

ಮರಳುವಾಗ ಕೆರೆಯ ದಂಡೆ. ವೆಲ್ಷ್ ಭಾಷೆಯಲ್ಲಿ ಕೆರೆಗೆ 'ಥ್ಲಿನ್'. ಆ ಮೊದಲ ಸದ್ದಿಗೆ ನಾಲಿಗೆಯನ್ನು 'ಲ'ಕಾರಕ್ಕಿಟ್ಟು ಪಕ್ಕದಿಂದ ಉಸಿರೂದಬೇಕು. ಕಾಡಿಗೆ 'ಕೋಯ್ದ್', ನದಿಗೆ 'ಆವನ್'. ಇಷ್ಟು ಕಲಿತರೆ ನಕಾಶೆಯ ಹೆಸರುಗಳು ಮಾತಾಡತೊಡಗುತ್ತವೆ. ದಂಡೆಯಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದೆ. ಮೊಣಕಾಲು ಸುಮ್ಮನಿತ್ತು.