ಪೇಟೆಯ ಲೆಕ್ಕ, ದೇಶದ ಲೆಕ್ಕ

1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಕಸುಬಿಗೊಂದು ಪೇಟೆ ಮಾಡಿದರು: ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಹೀಗೆ. ಬಳೆಗಾರನಿಗೆ ದಿನವೂ ಅಕ್ಕಿ ಬೇಕು. ಅಕ್ಕಿ ಮಾರುವವನ ಮನೆಗೆ ಬಳೆ ಬೇಕಾಗುವುದು ಹಬ್ಬಕ್ಕೋ ಮದುವೆಗೋ. ಇಬ್ಬರದೇ ಲೆಕ್ಕ ಬರೆದರೆ ಬಳೆಗಾರನದು ಸದಾ ಕೊರತೆ. ಆದರೆ ಅವನ ಬಳೆ ಸುತ್ತಲ ಹಳ್ಳಿಗೆಲ್ಲ ಹೋಗುತ್ತದೆ. ಅಲ್ಲಿ ಬಂದ ದುಡ್ಡಿನಲ್ಲಿ ಇಲ್ಲಿಯ ಅಕ್ಕಿ ಬರುತ್ತದೆ.

ದೇಶಗಳ ಲೆಕ್ಕವೂ ಹೀಗೆಯೇ. ರಫ್ತಿಗಿಂತ ಆಮದು ಹೆಚ್ಚಾದರೆ ವ್ಯಾಪಾರ ಕೊರತೆ, ಕಡಿಮೆಯಾದರೆ ಹೆಚ್ಚುವರಿ. 2024-25ರಲ್ಲಿ ಭಾರತ ಚೀನಾದಿಂದ ತರಿಸಿದ ಸರಕಿನ ಬೆಲೆ ಸುಮಾರು 113 ಬಿಲಿಯನ್ ಡಾಲರ್; ಅಲ್ಲಿಗೆ ಕಳಿಸಿದ್ದು ಸುಮಾರು 14 ಬಿಲಿಯನ್. ಕೊರತೆ 99 ಬಿಲಿಯನ್. ಅದೇ ಭಾರತ ನೇಪಾಳ, ಬಾಂಗ್ಲಾದೇಶಗಳಿಗೆ ತಾನು ಕೊಳ್ಳುವುದಕ್ಕಿಂತ ಬಹಳ ಹೆಚ್ಚು ಮಾರುತ್ತದೆ. ಪೆಟ್ರೋಲು, ಡೀಸೆಲ್ಲಿಗೂ ಭಾರತವನ್ನೇ ನಂಬಿರುವ ನೇಪಾಳ, ಹೊರದೇಶಗಳಲ್ಲಿ ದುಡಿಯುವ ತನ್ನ ಮಕ್ಕಳು ಕಳಿಸುವ ಹಣದಿಂದ ಆ ಅಂತರವನ್ನು ತುಂಬಿಕೊಳ್ಳುತ್ತದೆ.

ಹಾಗಾದರೆ ಕೊರತೆಯಿಂದ ತೊಂದರೆಯೇ ಇಲ್ಲವೆ? ಉತ್ತರಕ್ಕೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರಬೇಕು.

ಹಿಪ್ಪುನೇರಳೆ ಬೆಳೆದು ಹುಳು ಮೇಯಿಸಿದ ರೈತ ಇಲ್ಲಿ ಗೂಡು ಹರಾಜಿಗಿಡುತ್ತಾನೆ. ರೀಲರು ಕೊಂಡು ನೂಲು ತೆಗೆಯುತ್ತಾರೆ. ನೂಲು ನೇಕಾರನ ಮಗ್ಗ ಸೇರುತ್ತದೆ. ಸೀರೆಯ ಉದ್ದೆಳೆಗೆ, ಅಂದರೆ ಹಾಸಿಗೆ, ಒಂದೇ ಸಮನಾದ, ಗಟ್ಟಿಯಾದ ಎಳೆ ಬೇಕು. ದ್ವಿತಳಿ ಎಂಬ ಜಾತಿಯ ಹುಳುವಿನ ಗೂಡಿನಿಂದ ತೆಗೆದ ಚೀನೀ ನೂಲು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ನಮ್ಮಲ್ಲಿ ಹೆಚ್ಚಾಗಿ ಬೆಳೆದ ಮಿಶ್ರತಳಿಯ ನೂಲು ಅಡ್ಡೆಳೆಗೆ, ಅಂದರೆ ಹೊಕ್ಕಿಗೆ, ಸರಿಹೋಗುತ್ತಿತ್ತು.

2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ನೇಕಾರನಿಗೆ ನೂಲು ಅಗ್ಗವಾಗುವ ದಾರಿ ತೆರೆಯಿತು. ಇತ್ತ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ನಡುವೆ 10ಕ್ಕಿಳಿದದ್ದು 2021ರಲ್ಲಿ ಮತ್ತೆ 15 ಆಯಿತು. ಪ್ರತಿ ಏರಿಳಿತದಲ್ಲೂ ಒಬ್ಬರ ಮನೆಯ ಲಾಭ ಇನ್ನೊಬ್ಬರ ಮನೆಯ ಖರ್ಚು. ಇಬ್ಬರೂ ಕನ್ನಡ ನಾಡಿನವರೇ.

ಪಕ್ಕದ ಚನ್ನಪಟ್ಟಣದ್ದು ಇನ್ನೊಂದು ಪಾಠ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಗೊಂಬೆಗಳು ಅಗ್ಗದ ಚೀನೀ ಪ್ಲಾಸ್ಟಿಕ್ಕಿನ ಎದುರು ಸೊರಗಿದ್ದವು. 2020ರಲ್ಲಿ ಆಟಿಕೆಗಳ ಸುಂಕ ಶೇ 20ರಿಂದ 60ಕ್ಕೆ ಏರಿತು. 2021ರ ಜನವರಿಯಿಂದ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ಆಟಿಕೆಗಳ ಆಮದು ಇಳಿಯಿತು. ಆದರೆ ಆ ಮುದ್ರೆಯ ನಿಯಮ ದೊಡ್ಡ ಕಾರ್ಖಾನೆಗೆ ಸುಲಭ, ಮನೆಯಲ್ಲೇ ಕಡೆಯುವ ಯಂತ್ರ ಹಾಕಿಕೊಂಡವನಿಗೆ ಕಷ್ಟ. ಅದಕ್ಕೇ ಭೌಗೋಳಿಕ ಗುರುತು (ಜಿಐ) ಪಡೆದ ಕುಶಲಕರ್ಮಿಗಳ ಆಟಿಕೆಗೆ ವಿನಾಯಿತಿ ಕೊಡಬೇಕಾಯಿತು.

ಆದ್ದರಿಂದ ಕೊರತೆಯ ಅಂಕಿ ಪತ್ರಿಕೆಯಲ್ಲಿ ಕಂಡಾಗ ಮೂರು ಪ್ರಶ್ನೆ ಕೇಳಿ: ಬಂದದ್ದು ಏನು? ಅದನ್ನು ನಾವೇ ಮಾಡಬಲ್ಲೆವೆ? ಅದರಿಂದ ಯಾರ ಕೆಲಸ ಉಳಿಯಿತು, ಯಾರದು ಹೋಯಿತು? ಮದ್ದಿನ ಕಚ್ಚಾವಸ್ತು, ಕಾರ್ಖಾನೆಯ ಯಂತ್ರ ಬಂದರೆ ಅದು ನಾಳಿನ ದುಡಿಮೆಗೆ ಬೀಜ. ನಮ್ಮ ಹೊಲದಲ್ಲೇ ಬೆಳೆಯುವುದು ಹೊರಗಿನಿಂದ ಬಂದರೆ ಸುಂಕ ಕೆಲವು ವರ್ಷ ತಡೆಗೋಡೆಯಾದೀತು. ಅಷ್ಟರೊಳಗೆ ದ್ವಿತಳಿ ಗೂಡು ಹೆಚ್ಚಿ, ನೂಲಿನ ಎಳೆ ಸಮವಾಗಬೇಕು. ಸುಂಕ ಸಮಯವನ್ನು ಕೊಡುತ್ತದೆ. ಒಳ್ಳೆಯ ನೂಲನ್ನು ನಾವೇ ತೆಗೆಯಬೇಕು.